ಕಾರಿಗೆ ಮಜ್ಜಿಗೆ, ಚಕ್ರಕ್ಕೆ ಕಲ್ಲು

ಕಾರಿನ ಯಜಮಾನರಿಗೆ ನಾನು ಹೇಳುವುದು ಒಂದು, ಅವರು ಮನೆಗೆ ಹೋಗಿ ಮಾಡುವುದು ಇನ್ನೊಂದು. ಮೈಸೂರಿನಲ್ಲಿ ಗ್ಯಾರೇಜು ಇಟ್ಟುಕೊಂಡಿದ್ದಷ್ಟು ಕಾಲವೂ ಇದು ತಪ್ಪದೆ ನಡೆಯುತ್ತಲೇ ಇತ್ತು. ಸ್ವಾತಂತ್ರ್ಯ ಬಂದು ಏಳೆಂಟು ವರ್ಷವಾಗಿದ್ದ ಕಾಲ. ಊರಿನ ತುಂಬ ಜಟಕಾ, ಅದಕ್ಕಿಂತ ಹೆಚ್ಚು ಸೈಕಲ್ಲು, ಕಾರು ಅಲ್ಲೊಂದು ಇಲ್ಲೊಂದು. ಕಾರು ಕೊಂಡವರು ಓಡಿಸುವುದನ್ನು ಕಲಿಯುತ್ತಿದ್ದರೇ ಹೊರತು ನೋಡಿಕೊಳ್ಳುವುದನ್ನು ಕಲಿಯುತ್ತಿರಲಿಲ್ಲ. ಹಾಗಾಗಿ ರಿಪೇರಿ ಮಾಡಿಕೊಟ್ಟಾಗಲೆಲ್ಲ ನಾಲ್ಕು ಮಾತು ಹೇಳಿ ಕಳಿಸುತ್ತಿದ್ದೆ. ನೀರು ನೋಡಿ, ಆಯಿಲ್ ನೋಡಿ, ಗಾಳಿ ನೋಡಿ, ಬ್ರೇಕ್ ನೋಡಿ. ಆ ನಾಲ್ಕು ಮಾತಿನಿಂದ ಏನೇನಾಯಿತು ಅಂತ ನೆನೆಸಿಕೊಂಡರೆ ಈಗ ನಗು ಬರುತ್ತದೆ. ಆಗ ಬಂದಿರಲಿಲ್ಲ.

ಕಾರಿಗೆ ಉಷ್ಣ

ಒಬ್ಬ ವಕೀಲರ ಕಾರು ಪದೇ ಪದೇ ಬಿಸಿಯಾಗುತ್ತಿತ್ತು. ಕೋರ್ಟಿನವರೆಗೆ ಹೋಗುವಷ್ಟರಲ್ಲಿ ಬಾನೆಟ್ಟಿನಿಂದ ಹೊಗೆ ಏಳುತ್ತಿತ್ತು. ನೋಡಿದರೆ ರೇಡಿಯೇಟರಿನಲ್ಲಿ ತೊಟ್ಟು ನೀರಿಲ್ಲ. ದಿನಾ ಬೆಳಗ್ಗೆ ಇಂಜಿನ್ ತಣ್ಣಗಿರುವಾಗ ಮುಚ್ಚಳ ತೆಗೆದು ನೋಡಿ, ಕಡಿಮೆಯಿದ್ದರೆ ತುಂಬಿಸಿ ಅಂತ ಹೇಳಿ ಕಳಿಸಿದೆ. ವಕೀಲರಿಗೆ ಬೆಳಗ್ಗೆ ಕಕ್ಷಿಗಾರರ ಕಾಟ. ಆ ಕೆಲಸವನ್ನು ಅವರ ತಾಯಿ ವಹಿಸಿಕೊಂಡರಂತೆ.

ಹದಿನೈದು ದಿನಕ್ಕೆ ಕಾರು ಹಗ್ಗ ಕಟ್ಟಿಸಿಕೊಂಡು ನನ್ನ ಗ್ಯಾರೇಜಿಗೆ ಬಂತು. ರೇಡಿಯೇಟರ್ ಮುಚ್ಚಳ ತೆಗೆದೆ. ಗಮ್ಮೆಂದು ಇಂಗಿನ ವಾಸನೆ ಬಂತು. ಬಗ್ಗಿ ನೋಡಿದರೆ ಒಳಗೆ ಬೆಳ್ಳಗೆ ಗಡ್ಡೆ ಕಟ್ಟಿದೆ, ಮೇಲೆ ಒಂದು ಕರಿಬೇವಿನ ಎಲೆ ಅಂಟಿಕೊಂಡಿದೆ. ಇಂಜಿನ್ ರಿಪೇರಿ ಮಾಡಿ ಗೊತ್ತು, ಮಜ್ಜಿಗೆ ಹುಳಿ ರಿಪೇರಿ ಮಾಡಿ ಗೊತ್ತಿರಲಿಲ್ಲ. ಎರಡು ದಿನ ಬಿಸಿನೀರು ಬಿಟ್ಟು ಬಿಟ್ಟು ತೊಳೆದೆ.

ಕಾರನ್ನು ಮನೆಗೆ ಮುಟ್ಟಿಸಲು ಹೋದಾಗ ಆ ತಾಯಿ ಜಗುಲಿಯಲ್ಲೇ ಕಾಯುತ್ತಿದ್ದರು. ಪಾಪ, ಮುಖ ಸಣ್ಣಗಾಗಿತ್ತು. ಬರೀ ನೀರು ಕುಡಿದರೆ ಬಾಯಾರಿಕೆ ಹೋಗುತ್ತದೆ, ಉಷ್ಣ ಹೋಗುವುದಿಲ್ಲ, ಅದಕ್ಕೇ ಆವತ್ತಾವತ್ತೇ ಕಡೆದ ನೀರು ಮಜ್ಜಿಗೆ ಹುಯ್ದೆ ಅಂದರು. ಕಾರಿಗೆ ನೀರೇ ಸಾಕಮ್ಮ ಅಂತ ನಾನು ಸಮಾಧಾನವಾಗಿ ತಿಳಿಸಿ ಹೇಳಿದೆ. ಅವರು ಒಳಗಿದ್ದ ಮಗನ ಕಡೆ ಒಮ್ಮೆ ನೋಡಿದರು. ಆಮೇಲೆ ನನ್ನ ಹತ್ತಿರ ಬಂದು, ಮಗನಿಗೆ ಕೇಳಿಸದ ಹಾಗೆ ಮೆಲ್ಲಗೆ ಕೇಳಿದರು:

"ಉಪ್ಪು ಹಾಕಿದ್ದೇ ಜಾಸ್ತಿ ಆಯ್ತು ಅಂತ ಕಾಣತ್ತೆ, ಅಲ್ವೇನಪ್ಪ?"

ಡಾಕ್ಟರ ಬ್ರೇಕು

ನಮ್ಮ ಬೀದಿಯ ಡಾಕ್ಟರು ಒಳ್ಳೆಯವರು, ಆದರೆ ಬೈಯದೆ ಔಷಧಿ ಕೊಟ್ಟವರಲ್ಲ. ನಾನು ಒಂದು ತಿಂಗಳ ಕೆಮ್ಮು ಹೊತ್ತುಕೊಂಡು ಹೋದಾಗ, ಇಷ್ಟು ದಿನ ಏನು ಮಾಡ್ತಾ ಇದ್ರಿ, ಕೆಟ್ಟ ಮೇಲೆ ಬಂದರೆ ನಾನೇನು ಮಂತ್ರ ಹಾಕಲೇ ಅಂತ ಅರ್ಧ ಗಂಟೆ ಬೈದು ಬಾಟಲಿ ಕೊಟ್ಟಿದ್ದರು.

ಅವರ ಕಾರು ಬ್ರೇಕ್ ಒತ್ತಿದರೆ ಕೀರಲು ಧ್ವನಿಯಲ್ಲಿ ಕಿರುಚುತ್ತಿತ್ತು. ಡಾಕ್ಟರು ಬಂದರು ಅನ್ನುವುದು ಬೀದಿಗೆಲ್ಲ ಆ ಸದ್ದಿನಿಂದಲೇ ತಿಳಿಯುತ್ತಿತ್ತು. ಒಂದು ದಿನ ಕಾರು ನಿಲ್ಲದೆ ಹೋಗಿ ಅವರದೇ ಕಾಂಪೌಂಡಿಗೆ ಮುತ್ತಿಟ್ಟಿತು. ಗ್ಯಾರೇಜಿಗೆ ತಂದರು. ಚಕ್ರ ಬಿಚ್ಚಿ ನೋಡಿದರೆ ಬ್ರೇಕಿನ ಲೈನಿಂಗು ಕಾಗದದಷ್ಟು ತೆಳ್ಳಗಾಗಿದೆ. ನಾನು ಕೈ ಒರೆಸಿಕೊಂಡು, ಆದಷ್ಟು ಗಂಭೀರವಾಗಿ, ಎಷ್ಟು ದಿನದಿಂದ ಸದ್ದು ಬರ್ತಾ ಇದೆ ಡಾಕ್ಟ್ರೇ ಅಂತ ಕೇಳಿದೆ.

ಮೂರು ತಿಂಗಳಿಂದ ಅಂದರು. ಇಷ್ಟು ದಿನ ಏನು ಮಾಡ್ತಾ ಇದ್ರಿ ಅಂದೆ. ಡಾಕ್ಟರು ನನ್ನ ಮುಖ ನೋಡಿದರು, ನೆಲ ನೋಡಿದರು. ಕೊನೆಗೆ ಥೇಟ್ ರೋಗಿಯ ಹಾಗೆ ಮೆತ್ತಗೆ ಹೇಳಿದರು:

"ತಾನಾಗೇ ವಾಸಿ ಆಗುತ್ತೆ ಅಂದ್ಕೊಂಡಿದ್ದೆ."

ಗೌಡರ ಕಲ್ಲು

ಮೇಟಗಳ್ಳಿ ಕಡೆಯ ಒಬ್ಬ ಗೌಡರು ಹಳೆಯ ಕಾರೊಂದನ್ನು ಕೊಂಡಿದ್ದರು. ಅದರ ಹ್ಯಾಂಡ್ ಬ್ರೇಕು ಇದ್ದೂ ಇಲ್ಲದ ಹಾಗೆ. ಅದಕ್ಕೆ ಗೌಡರು ತಮ್ಮ ಹೊಲದಿಂದ ಒಂದು ಕಲ್ಲು ಆರಿಸಿ ಡಿಕ್ಕಿಯಲ್ಲಿ ಇಟ್ಟುಕೊಂಡಿದ್ದರು. ಕಾರು ನಿಲ್ಲಿಸಿದ ಕಡೆಯೆಲ್ಲ ಇಳಿದು ಚಕ್ರಕ್ಕೆ ಅದನ್ನು ಒಡ್ಡುತ್ತಿದ್ದರು. ಹೊರಡುವಾಗ ಮಣ್ಣು ಒರೆಸಿ ಮತ್ತೆ ಡಿಕ್ಕಿಗೆ ಹಾಕುತ್ತಿದ್ದರು.

ಇದು ಅಪಾಯ ಗೌಡ್ರೇ ಅಂತ ಹೇಳಿ ಹ್ಯಾಂಡ್ ಬ್ರೇಕನ್ನು ಬಿಚ್ಚಿ, ಹೊಸ ಕೇಬಲ್ ಹಾಕಿ ಸರಿಮಾಡಿದೆ. ಇನ್ನು ಕಲ್ಲು ಬಿಸಾಕಿ ಅಂದೆ. ಅವರಿಗೆ ಮನಸ್ಸು ಬರಲಿಲ್ಲ. "ನಿಮ್ ಬ್ರೇಕ್ ಚೆಂದಾಗೇ ಇರ್ತದೆ. ಕಲ್ಲೂ ಒಂದ್ ಕಡೆ ಬಿದ್ದಿರ್ಲಿ ಬುಡಿ" ಅಂದರು. ನನಗೆ ಸ್ವಲ್ಪ ಅವಮಾನವಾಯಿತು. ಬನ್ನಿ, ಚಾಮುಂಡಿ ಬೆಟ್ಟದ ರಸ್ತೆಯಲ್ಲೇ ನಿಲ್ಲಿಸಿ ತೋರಿಸ್ತೀನಿ ಅಂತ ಅವರನ್ನು ಕೂರಿಸಿಕೊಂಡು ಹೊರಟೆ.

ಬೆಟ್ಟದ ಅರ್ಧದಲ್ಲಿ, ಒಳ್ಳೇ ಏರಿನಲ್ಲಿ ಕಾರು ನಿಲ್ಲಿಸಿ ಹ್ಯಾಂಡ್ ಬ್ರೇಕ್ ಎಳೆದೆ. ಇಬ್ಬರೂ ಇಳಿದೆವು. ನಾನು ರಸ್ತೆಯ ಅಂಚಿಗೆ ಹೋಗಿ ನಿಂತು, ಕೆಳಗೆ ಹರಡಿಕೊಂಡಿದ್ದ ಊರನ್ನು ನೋಡುತ್ತ, ಯಂತ್ರದ ಮೇಲೆ ನಂಬಿಕೆ ಇರಬೇಕು ಗೌಡ್ರೇ ಅಂತ ದೊಡ್ಡ ಉಪದೇಶವನ್ನೇ ಮಾಡಿದೆ. ಹಿಂದಿನಿಂದ ಟಕ್ ಅಂತ ಒಂದು ಸಣ್ಣ ಸದ್ದು ಕೇಳಿಸಿತು. ತಿರುಗಿ ನೋಡಿದರೆ ಕಾರು ಒಂದು ಗೇಣು ಹಿಂದಕ್ಕೆ ಸರಿದು ನಿಂತಿದೆ, ಚಕ್ರದ ಹಿಂದೆ ಕಲ್ಲು ಇದೆ. ಓಡಿಹೋಗಿ ನೋಡಿದೆ. ಕೇಬಲಿನ ನಟ್ಟು ಬಿಗಿ ಮಾಡುವುದನ್ನು ನಾನೇ ಮರೆತಿದ್ದೆ. ಕಲ್ಲಿಲ್ಲದಿದ್ದರೆ ಕಾರು ನಮಗಿಂತ ಮೊದಲು ಊರು ಸೇರುತ್ತಿತ್ತು.

ಯಾವಾಗ ಇಟ್ರಿ ಅಂತಷ್ಟೇ ಕೇಳಿದೆ. ಗೌಡರಿಗೆ ನನಗಿಂತ ಹೆಚ್ಚು ಸಂಕೋಚವಾಗಿತ್ತು.

"ನೀವು ನಂಬಿಕೆ ವಿಚಾರ ಏಳ್ತಿದ್ರಲ್ಲ, ಆಗ. ನೋಡುದ್ರೆ ನಿಮ್ಗೆ ಬೇಜಾರಾದಾತು ಅಂತ ಸದ್ ಮಾಡ್ದಂಗೆ ಇಟ್ಬುಟ್ಟೆ ಕಣ್ರೀ."

ಹನ್ನೊಂದು ಅಂಶಗಳು

ಸರಸ್ವತಿಪುರದಲ್ಲಿ ತರ್ಕಶಾಸ್ತ್ರದ ಪ್ರೊಫೆಸರೊಬ್ಬರಿದ್ದರು. ಒಮ್ಮೆ ನಂಜನಗೂಡು ರಸ್ತೆಯಲ್ಲಿ ಅವರ ಕಾರಿನ ಮುಂದಿನ ಟೈರು ಒಡೆದು, ಕಾರು ಗದ್ದೆಗೆ ಇಳಿದಿತ್ತು. ಯಾರಿಗೂ ಏನೂ ಆಗಲಿಲ್ಲ, ಆದರೆ ಪ್ರೊಫೆಸರು ಹೆದರಿಬಿಟ್ಟರು. ಹೊರಡುವ ಮುಂಚೆ ಏನೇನು ನೋಡಬೇಕು ಬರೆದುಕೊಡಿ ಅಂತ ನನ್ನ ಹತ್ತಿರ ಬಂದರು. ಟೈರು, ನೀರು, ಆಯಿಲ್ಲು, ಬ್ರೇಕು, ದೀಪ ಅಂತ ಅವರ ಜೇಬುಪುಸ್ತಕದಲ್ಲೇ ಹನ್ನೊಂದು ಅಂಶ ಬರೆದುಕೊಟ್ಟೆ. ಅಂದಿನಿಂದ ದಿನಾ ಬೆಳಗ್ಗೆ ಅವರ ಮನೆಯ ಮುಂದೆ ಹಾಜರಿ ಕೂಗಿದಂತೆ ಕೇಳಿಸುತ್ತಿತ್ತು. ಒಂದೊಂದನ್ನೂ ಗಟ್ಟಿಯಾಗಿ ಓದುವುದು, ನೋಡುವುದು, ಸರಿ ಇದೆ ಅನ್ನುವುದು, ಪುಸ್ತಕದಲ್ಲಿ ಪೆನ್ಸಿಲಿನಿಂದ ಗುರುತು ಹಾಕುವುದು.

ಒಂದು ಭಾನುವಾರ ಬೆಳಗ್ಗೆ, ಚಾರ್ಜು ಮಾಡಿದ ಬ್ಯಾಟರಿಯನ್ನು ಅವರ ಕಾರಿಗೆ ಕೂರಿಸುತ್ತಿದ್ದೆ. ಅಷ್ಟರಲ್ಲಿ ಒಳಗೆ ಗಡಿಬಿಡಿ ಶುರುವಾಯಿತು. ಚೊಚ್ಚಲ ಹೆರಿಗೆಗೆ ಬಂದಿದ್ದ ಮಗಳಿಗೆ ನೋವು ಬಂದಿದೆ. ಪ್ರೊಫೆಸರ ಹೆಂಡತಿ ಆಕೆಯನ್ನು ಹಿಡಿದುಕೊಂಡು ಬಂದು ಹಿಂದಿನ ಸೀಟಿನಲ್ಲಿ ಕೂರಿಸಿ ತಾವೂ ಪಕ್ಕದಲ್ಲಿ ಕೂತರು. ಪ್ರೊಫೆಸರು ಬಂದರು, ಬಾಗಿಲು ಭದ್ರವಾಗಿ ಹಾಕಿದರು, ಜೇಬಿನಿಂದ ಪುಸ್ತಕ ತೆಗೆದರು.

"ಒಂದು. ಟೈರು" ಅಂದರು.

ಇವತ್ತೊಂದು ದಿನ ಬಿಟ್ಟುಬಿಡಿ ಸ್ವಾಮಿ ಅಂತ ಕೈ ಮುಗಿದೆ. ಅವರು ಪುಸ್ತಕವನ್ನೇ ನನ್ನ ಮುಖಕ್ಕೆ ಹಿಡಿದರು. ಯಾವ ಕಾರಣಕ್ಕೂ ಬಿಡಬಾರದು ಅಂತ ಪಟ್ಟಿಯ ಕೆಳಗೆ ನಾನೇ ಬರೆದು ಎರಡು ಗೆರೆ ಎಳೆದಿದ್ದೆ. ಹಿಂದಿನ ಸೀಟಿನಿಂದ ಅವರ ಹೆಂಡತಿ ನನ್ನನ್ನು ನೋಡಿದ ನೋಟ ಇವತ್ತಿಗೂ ಮರೆತಿಲ್ಲ.

ಪ್ರೊಫೆಸರು ನಾಲ್ಕು ಟೈರನ್ನೂ ಒದ್ದು ನೋಡಿ ಬರುವಷ್ಟರಲ್ಲಿ ಮಗಳೇ ಶುರುಮಾಡಿದಳು. ದಿನಾ ಕೇಳಿ ಕೇಳಿ ಆಕೆಗೆ ಪಟ್ಟಿ ಬಾಯಿಪಾಠವಾಗಿತ್ತು. ಸೀಟನ್ನು ಬಿಗಿಯಾಗಿ ಹಿಡಿದುಕೊಂಡು, ಎರಡು ನೀರು ಸರಿ ಇದೆ, ಮೂರು ಆಯಿಲ್ ಸರಿ ಇದೆ, ನಾಲ್ಕು ಬ್ರೇಕ್ ಸರಿ ಇದೆ ಅಂತ ಒಂದೇ ಉಸಿರಿಗೆ ಹೇಳತೊಡಗಿದಳು. ಪ್ರೊಫೆಸರು ಕಿಟಕಿಯ ಹತ್ತಿರ ನಿಂತು ಗುರುತು ಹಾಕುತ್ತ ಬಂದರು. ಆರು ಮುಗಿದಾಗ ಜೋರಾಗಿ ನೋವು ಬಂದು ಆಕೆ ನಿಲ್ಲಿಸಿದಳು. ಪ್ರೊಫೆಸರು ಪೆನ್ಸಿಲ್ ಹಿಡಿದು ಕಾಯುತ್ತ, "ಏಳು?" ಅಂದರು.

"ಏಳೂ ಸರಿ ಇದೆ, ಎಂಟೂ ಸರಿ ಇದೆ, ಹತ್ತರವರೆಗೂ ಸರಿ ಇದೆ, ಬರ್ಕೊಳ್ರೀ" ಅಂದರು ಅವರ ಹೆಂಡತಿ.

ಬರೆದುಕೊಂಡರು. ಉಳಿದದ್ದು ಹನ್ನೊಂದು. ಅದು ಕಾರಿನದಲ್ಲ. ಓಡಿಸುವವರ ಮನಸ್ಸಿನಲ್ಲಿ ಗಾಬರಿ ಇರಬಾರದು ಅಂತ ನಾನೇ ಸುಮ್ಮನೆ ಕೊನೆಗೆ ಸೇರಿಸಿದ್ದೆ. ಪ್ರೊಫೆಸರು ಅದನ್ನು ಓದಿದರು. ತಮ್ಮ ಕೈ ನೋಡಿಕೊಂಡರು. ಪೆನ್ಸಿಲ್ ಗಡಗಡ ನಡುಗುತ್ತಿತ್ತು. ಸತ್ಯವಂತ ಮನುಷ್ಯ, ಸುಳ್ಳು ಬರೆಯುವವರಲ್ಲ. "ಗಾಬರಿ ಇದೆ" ಅಂತ ತಮಗೆ ತಾವೇ ಹೇಳಿಕೊಂಡು, ಹನ್ನೊಂದರ ಮುಂದೆ ತಪ್ಪು ಗುರುತು ಹಾಕಿ, ಬೀಗದ ಕೈಯನ್ನು ನನ್ನ ಕೈಗಿಟ್ಟು ಪಕ್ಕದ ಸೀಟಿನಲ್ಲಿ ಕೂತರು. ನಾನು ಹಾರನ್ನಿನ ಮೇಲಿಂದ ಕೈ ತೆಗೆಯದೆ ಓಡಿಸಿದೆ.

ಹೆರಿಗೆ ಆಸ್ಪತ್ರೆಯಲ್ಲಿ ಮಗಳನ್ನು ಒಳಗೆ ಕರೆದುಕೊಂಡು ಹೋದರು. ಮೂವರೂ ಹೊರಗೆ ಬೆಂಚಿನ ಮೇಲೆ ಕೂತೆವು. ಸ್ವಲ್ಪ ಹೊತ್ತಿಗೆ ನರ್ಸಮ್ಮ ಬಂದು, ಎಲ್ಲ ಚೆನ್ನಾಗಿದೆ, ಮಗು ಹುಟ್ಟುವುದು ಸಾಯಂಕಾಲವೇ, ಹೆದರಬೇಡಿ ಅಂತ ಹೇಳಿ ಹೋದರು. ಹಾಗೆಯೇ ಆಯಿತು. ಸಂಜೆ ಗಟ್ಟಿಮುಟ್ಟಾದ ಹೆಣ್ಣು ಮಗು ಹುಟ್ಟಿತು, ತಾಯಿಯೂ ಕ್ಷೇಮ.

ಆದರೆ ಬೆಳಗ್ಗೆ ನರ್ಸಮ್ಮ ಆ ಮಾತು ಹೇಳಿ ಹೋದಾಗ ಪ್ರೊಫೆಸರ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡರು. ನಾನು ಗೋಡೆಗೆ ಒರಗಿದೆ. ಪ್ರೊಫೆಸರು ಮಾತ್ರ ನೆಟ್ಟಗೆ ಕೂತು ಪುಸ್ತಕ ಬಿಡಿಸಿದರು. ಜೇಬಿನಿಂದ ರಬ್ಬರು ತೆಗೆದು ಹನ್ನೊಂದರ ಮುಂದಿದ್ದ ಗುರುತನ್ನು ನೀಟಾಗಿ ಅಳಿಸಿ, ಪುಡಿಯನ್ನು ಊದಿ, ನನ್ನ ಕಡೆ ಕೈ ಚಾಚಿದರು.

"ಕೊಡಿ ಬೀಗದ ಕೈ. ಈಗ ಓಡಿಸಬಹುದು."