ಸೊನ್ನೆಯಲ್ಲಿ ಓಡಿದ ಕಾರು

ಮುಳ್ಳು ಏಳಲಿಲ್ಲ. ಅಷ್ಟಕ್ಕೇ ಶುರುವಾಯಿತು.

ಭಾನುವಾರ ಬೆಳಿಗ್ಗೆ ಭೂಗೋಳದ ಮೇಷ್ಟರು ಹಾಲು ತರಲು ಹೊರಟಿದ್ದರು. ಕಾರೇನೋ ಓಡುತ್ತಿದೆ, ವೇಗ ತೋರಿಸುವ ಮುಳ್ಳು ಮಾತ್ರ ಸೊನ್ನೆಯ ಮೇಲೆ ಹಾಯಾಗಿ ಮಲಗಿದೆ. ವಾಪಸ್ಸು ಬಂದು ಗೇಟಿನ ಮುಂದೆ ನಿಲ್ಲಿಸಿದರೆ ಎಂಬತ್ತಕ್ಕೆ ಹಾರಿತು! ಸಾಲದ್ದಕ್ಕೆ ತಾನಾಗಿಯೇ ಬದಲಾಗಬೇಕಾದ ಗೇರು ದಾರಿಯುದ್ದಕ್ಕೂ ಒಂದೇ ಕಡೆ ಕಚ್ಚಿಕೊಂಡು, ಎಂಜಿನ್ನು ಕಿರುಚಿತ್ತು. ಮೇಷ್ಟರೂ ಕಿರುಚಿದ್ದರು. ಅವರಿಗೆ ‘ಸಿಡಿಮದ್ದು’ ಎಂದು ಹೆಸರಿಟ್ಟ ಶಾಲೆಯ ಮಕ್ಕಳೇನೂ ದಡ್ಡರಲ್ಲ.

ಕಾರು ಮಾವ ಕೊಟ್ಟದ್ದು. ಕೊಟ್ಟು ಹದಿನೈದು ದಿನವೂ ಆಗಿಲ್ಲ. “ಕೆಡಿಸಿದ್ರೆ ವಾಪಸ್ ತಗೊಂಡು ಹೋಗ್ತೀನಿ ಅಳಿಯಂದ್ರೆ,” ಎಂದು ಬೀಗದಕೈ ಕೊಡುವಾಗಲೇ ಹೇಳಿದ್ದರು. ಇವತ್ತು ನಾಲ್ಕು ಗಂಟೆಗೆ ಬರುತ್ತಾರೆ. ಹದಿನೆಂಟು ವರ್ಷ ಬಸ್ಸಿನಲ್ಲಿ ನಿಂತು ಸವೆದ ಕಾಲುಗಳಿಗೆ ಈಗಷ್ಟೇ ಸುಖ ಸಿಕ್ಕಿತ್ತು. ಅದನ್ನು ಬಿಟ್ಟುಕೊಡುವುದೆಂದರೆ ಮೇಷ್ಟರಿಗೆ ಪ್ರಾಣವೇ ಹೋದಂತೆ.

ಮೆಕ್ಯಾನಿಕ್‌ಗೆ ಫೋನ್ ಮಾಡಿದರು. ಎಲ್ಲ ಕೇಳಿಸಿಕೊಂಡ ಅವನು ಗ್ಯಾರೇಜಿನ ಗದ್ದಲದಲ್ಲಿ ಕೂಗಿದ: “ನಿಮ್ದು ಸೆನ್ಸರ್ ಕೆಟ್ಟಿದೆ!”

ಮೇಷ್ಟರ ಕಿವಿಗೆ ಬಿದ್ದದ್ದು, “ನಿಮ್ದು ಸೆನ್ಸ್, ಸಾರ್, ಕೆಟ್ಟಿದೆ.”

“ಯಾರಿಗಯ್ಯಾ ಸೆನ್ಸ್ ಕೆಟ್ಟಿರೋದು? ನಿನ್ನಂಥೋರಿಗೆ ಪಾಠ ಹೇಳಿದೋನು ನಾನು!”

“ಅಲ್ಲ ಸಾರ್, ಹಳೇದು ತೆಗೆದು ಹೊಸದು ಹಾಕಿದ್ರೆ...”

“ನಿನ್ನ ತಲೆಗೇ ಹಾಕ್ಕೋ!” ಎಂದು ಫೋನ್ ಕುಕ್ಕಿದರು.

ಅಷ್ಟರಲ್ಲಿ ಪಕ್ಕದ ಮನೆಯ ನಿವೃತ್ತ ಅಂಚೆ ಮಾಸ್ತರು, ಎದುರುಮನೆ ದರ್ಜಿ ಇಬ್ಬರೂ ಹಾಜರು. ಕರೆದವರು ಯಾರು?

“ಗೇರ್‌ಬಾಕ್ಸ್ ಪೂರ್ತಿ ಹೋಗಿದೆ,” ಎಂದರು ಮಾಸ್ತರು. ಬಾನೆಟ್ಟನ್ನು ಇನ್ನೂ ತೆರೆದೇ ಇರಲಿಲ್ಲ.

“ಎಣ್ಣೆ ಕಮ್ಮಿ ಆಗಿದೆ. ನನ್ನ ಹೊಲಿಗೆ ಮಿಷನ್ನೂ ಹೀಗೇ ಕಿರುಚುತ್ತೆ,” ಎಂದ ದರ್ಜಿ.

ಓಡಿಸಿಯೇ ನೋಡೋಣ ಎಂದಾಯಿತು. ಮಾಸ್ತರು ಗಡಿಯಾರ ನೋಡುವುದು, ದರ್ಜಿ ಹಿಂದೆ ಕುಳಿತು ದೀಪದ ಕಂಬ ಎಣಿಸುವುದು, ಹಾಗೆ ವೇಗ ಕಂಡುಹಿಡಿಯುವುದು.

“ನಲವತ್ತು ಕಂಬ!” ಎಂದ ದರ್ಜಿ.

“ಸುಳ್ಳು! ನೀನು ಎರಡು ಕಂಬ ನುಂಗಿಬಿಟ್ಟೆ!”

“ಬಾಯಿ ಮುಚ್ಚಿ ಇಬ್ರೂ!” ಎಂದು ಮೇಷ್ಟರು ಹಿಂದಕ್ಕೆ ತಿರುಗಿ ಗದರುವಾಗ ಕಾರು ಟ್ರಾಫಿಕ್ ಪೊಲೀಸನ ಕಾಲ ಬಳಿಯೇ ಹೋಗಿ ನಿಂತಿತು.

“ಎಷ್ಟು ಸ್ಪೀಡಲ್ಲಿ ಬರ್ತಿದ್ರಿ ಗೊತ್ತೇನ್ರಿ?”

“ಸೊನ್ನೆ! ಕಣ್ಣಿದ್ರೆ ನೀವೇ ನೋಡ್ಕೊಳ್ಳಿ!”

ಪೊಲೀಸ್ ಬಗ್ಗಿ ನೋಡಿದ. ಕಾರು ನಿಂತಿತ್ತಲ್ಲ, ಮುಳ್ಳು ಎಂಬತ್ತರ ಮೇಲಿತ್ತು. ಅವನು ದಂಡದ ಚೀಟಿ ಹರಿದು ಕೈಗಿತ್ತ.

ಆಮೇಲೆ ಗೇರು ಮಿಸುಕಾಡಲೇ ಇಲ್ಲ. ಮಾಸ್ತರು, ದರ್ಜಿ ಇಬ್ಬರೂ ಏದುಸಿರು ಬಿಡುತ್ತ ಕಾರನ್ನು ಗ್ಯಾರೇಜಿನವರೆಗೆ ತಳ್ಳಿದರು. ಮೇಷ್ಟರು ಸ್ಟೀರಿಂಗ್ ಹಿಡಿದು ಜಗತ್ತನ್ನೆಲ್ಲ ಬೈದರು.

ಮೆಕ್ಯಾನಿಕ್ ಕಾರಿನಡಿಗೆ ನುಗ್ಗಿ ಹೆಬ್ಬೆರಳಿನಷ್ಟು ಉದ್ದದ ಒಂದು ಸಾಮಾನು ತೆಗೆದ. “ಇದೇ ಸಾರ್ ಸೆನ್ಸರ್. ಗಾಡಿ ಎಷ್ಟು ಜೋರಾಗಿ ಓಡ್ತಿದೆ ಅಂತ ಹೇಳೋದು ಇದೇ. ಇದು ಸುಳ್ಳು ಹೇಳಿದ್ರೆ ಮುಳ್ಳೂ ತಪ್ಪುತ್ತೆ, ಗೇರೂ ತಪ್ಪುತ್ತೆ. ಬೆಳಿಗ್ಗೆನೇ ಹೇಳಿದ್ನಲ್ಲ?”

ಮೇಷ್ಟರು ಬೈಯುವುದನ್ನು ಬಿಟ್ಟು ಜೇಬಿಗೆ ಕೈಹಾಕಿದರು. ಹೊಸದು ಹಾಕಲು ಹತ್ತೇ ನಿಮಿಷ ಸಾಕಾಯಿತು.

ನಾಲ್ಕಕ್ಕೆ ಮಾವ ಬಂದರು. ಒಂದು ಸುತ್ತು ಓಡಿಸಿದರು. ಗೇರು ಬೆಣ್ಣೆಯ ಹಾಗೆ ಜಾರಿತು. ಉಳಿದುಕೊಂಡೆ ಎಂದು ಪಕ್ಕದಲ್ಲಿದ್ದ ಮೇಷ್ಟರು ಉಸಿರು ಬಿಟ್ಟರು. ಮರಳಿ ಗೇಟಿಗೆ ಬಂದು ಮೇಷ್ಟರು ಕೆಳಗಿಳಿದಾಗ ದರ್ಜಿ ಹಲ್ಲುಕಿರಿದು ನಿಂತಿದ್ದ.

“ಹೆಂಗಿದೆ ಯಜಮಾನ್ರೆ? ಬೆಳಿಗ್ಗೆ ಮುಳ್ಳೂ ಏಳ್ತಿರಲಿಲ್ಲ, ಗೇರೂ ಬೀಳ್ತಿರಲಿಲ್ಲ. ನಾವೇ ತಳ್ಕೊಂಡು ಹೋಗಿ ಸೆನ್ಸರ್ ಹಾಕಿಸ್ಕೊಂಡು ಬಂದ್ವಿ!”

ಅವನ ಕತ್ತು ಹಿಸುಕಬೇಕು ಎನಿಸಿತು ಮೇಷ್ಟರಿಗೆ. ಆದರೆ ಮಾವನ ಮುಖ ಅರಳಿತು.

“ಅಯ್ಯೋ, ಬರೀ ಸೆನ್ಸರಾ? ಎರಡು ವರ್ಷ ಇದೇ ಕಾಟ ನನಗೆ. ತಿಂಗಳಿಗೊಂದ್ಸಲ ನಡುರಸ್ತೆಯಲ್ಲಿ ಕೈಕೊಡ್ತಿತ್ತು. ಯಾವ ಗ್ಯಾರೇಜಿನೋನಿಗೂ ಗೊತ್ತಾಗ್ಲಿಲ್ಲ. ಸಾಕಾಗಿ ನಿಮಗೆ ದಾಟಿಸಿದ್ದೆ.” ಅವರು ಬೀಗದಕೈಯನ್ನು ಕಾರಿನಿಂದ ಕೀಳಲೇ ಇಲ್ಲ. “ಸರಿಹೋಯ್ತಲ್ಲ, ಇನ್ನು ನಾನೇ ಇಟ್ಕೋತೀನಿ.”

“ಮಾವ, ಕೆಟ್ರೆ ತಾನೇ ವಾಪಸ್ ಅಂದಿದ್ದು?” ಮೇಷ್ಟರು ಗುಡುಗಿದರು.

ಕಾರು ಆಗಲೇ ಹೊರಟಿತ್ತು. ಮಾವ ಕಿಟಕಿಯಿಂದ ಮುಖ ಹೊರಗೆ ಹಾಕಿ ಪ್ರೀತಿಯಿಂದ ಹೇಳಿದರು:

“ಬೇಜಾರಾಗ್ಬೇಡಿ ಅಳಿಯಂದ್ರೆ. ಮನೇಲಿ ಹಳೇ ಸ್ಕೂಟರ್ ಒಂದಿದೆ, ಬ್ರೇಕ್ ಸ್ವಲ್ಪ ಹಿಡಿಯಲ್ಲ ಅಷ್ಟೇ. ನಾಳೆನೇ ಕಳಿಸ್ಲಾ?”