ಕೊಟ್ರೇಶನ ಗಿಡ್ಡ ಗಿಟಾರು

ಪ್ಲೈವುಡ್ ಅಂಗಡಿಯ ಕೊಟ್ರೇಶನಿಗೆ ಬೇಸ್ ಗಿಟಾರ್ ಕಲಿಯುವ ಹುಚ್ಚು ಹತ್ತಿದ್ದು ಯಾರದೋ ಮದುವೆಯ ಆರ್ಕೆಸ್ಟ್ರಾದಲ್ಲಿ. ಆ ‘ಗುಂಯ್’ ಎನ್ನುವ ದಪ್ಪ ನಾದ ಹೊಟ್ಟೆಯೊಳಗೆ ಇಳಿದು ಕೂತಿದ್ದು ಮತ್ತೆ ಏಳಲೇ ಇಲ್ಲ. ಆಸೆ ಎಷ್ಟಿತ್ತೋ ಭಯವೂ ಅಷ್ಟೇ ಇತ್ತು. ಆ ಭಯದ ಹೆಸರು ಬಸವಣ್ಣೆಮ್ಮ, ಅವನ ತಾಯಿ.

ಬಸವಣ್ಣೆಮ್ಮನ ತಮ್ಮ ಹಾರ್ಮೋನಿಯಂ ಕಲಿತು ನಾಟಕ ಕಂಪನಿಯ ಬೆನ್ನು ಹತ್ತಿ ಹೋದವನು ಮನೆಗೆ ಮರಳಿರಲಿಲ್ಲ. ಅಂದಿನಿಂದ ಅವರ ಹೊಸ್ತಿಲನ್ನು ಯಾವ ವಾದ್ಯವೂ ದಾಟುವಂತಿಲ್ಲ. ಕೊಟ್ರೇಶ ಹುಡುಗನಾಗಿದ್ದಾಗ ತಂದ ಮೌತ್ ಆರ್ಗನ್ ಹರಿಹರದ ಸೇತುವೆಯ ಮೇಲೆ ತಾಯಿಯ ಕೈಯಿಂದ ಹಾರಿ ನೇರ ತುಂಗಭದ್ರೆಗೆ ಹೋಗಿತ್ತು. ಈಗ ಅವನ ತಲೆ ನೆರೆಯುತ್ತಿದೆ. ಆ ‘ಬುಳುಕ್’ ಸದ್ದು ಮಾತ್ರ ಇನ್ನೂ ಕಿವಿಯಲ್ಲಿದೆ.

ದಾವಣಗೆರೆಯಲ್ಲಿ ಕೊಂಡರೆ ಗಿಟಾರಿಗಿಂತ ಮೊದಲು ಸುದ್ದಿ ಮನೆ ಸೇರುತ್ತದೆಂದು ಅಂಜಿ, ಕೆ.ಬಿ. ಬಡಾವಣೆಯಿಂದ ಹರಿಹರಕ್ಕೇ ಹೋದ. ಅಲ್ಲಿನ ವಾದ್ಯದಂಗಡಿಯ ಮುನಾಫ್ ಸಾಹೇಬರು ದೊಡ್ಡ ಬೇಸೊಂದನ್ನು ಅವನ ತೊಡೆಯ ಮೇಲಿಟ್ಟರು. ಅದರ ಕತ್ತಿನ ತುದಿ ಮುಟ್ಟಲು ಹೋಗಿ ಕೊಟ್ರೇಶನ ಭುಜವೇ ಕಳಚಿದಂತಾಯಿತು.

“ನಿಮ್ಮ ಬೆರಳು ಗಿಡ್ಡ ಅದಾವ್ರಿ. ಗಿಡ್ಡ ಬೇಸೇ ತಗೊಳ್ರಿ. ಅಗ್ಗ ಐತೆ, ಹಗುರ ಐತೆ, ಹೊಸದಾಗಿ ಕಲಿಯೋರಿಗೆ ಸಾಕು. ಕತ್ತು ನೆಟ್ಟಗೈತೋ ನೋಡ್ರಿ, ಬಿರಡೆ ತಿರುವಿ ನೋಡ್ರಿ.”

ಕೊಟ್ರೇಶ ಕತ್ತನ್ನೂ ನೋಡಲಿಲ್ಲ, ಬಿರಡೆಯನ್ನೂ ಮುಟ್ಟಲಿಲ್ಲ. “ಮಂಚದ ಕೆಳಗೆ ಹಿಡಿಸ್ತದೇನ್ರಿ?” ಎಂದ.

“ನುಡಿಸಾಕ ತಗೊಳ್ತೀರೋ, ಮಲಗಿಸಾಕೋ?”

“ಸದ್ದು ಹೊರಗೆ ಬರ್ತದಾ?”

“ಹೆಡ್‌ಫೋನ್ ಹಾಕ್ಕೊಂಡ್ರೆ ಪಕ್ಕದಾಗ ಕುಂತೋರಿಗೂ ಕೇಳಂಗಿಲ್ಲ.”

ಅಲ್ಲಿಗೆ ವ್ಯಾಪಾರ ಮುಗಿಯಿತು.

ಬಸ್ಸಿನಲ್ಲಿ ಚೀಲವನ್ನು ಮೊಣಕಾಲ ನಡುವೆ ಅವುಚಿಕೊಂಡು ಕೂತ. ತಲೆಯೆತ್ತಿ ನೋಡಿದರೆ ಪಕ್ಕದ ಸೀಟಿನಲ್ಲಿ ಎದುರುಮನೆಯ ಸರೋಜಾ! ಮಡಿಲಲ್ಲಿ ಹರಿಹರೇಶ್ವರನ ಗುಡಿಯ ಪ್ರಸಾದವಿತ್ತು.

“ಏನ್ ಕೊಟ್ರೇಶಣ್ಣ ಅದು, ಅಷ್ಟು ಜ್ವಾಕಿಯಿಂದ ಹಿಡ್ಕೊಂಡೀರಿ?”

ಕೊಟ್ರೇಶನ ಕಣ್ಣು ಪ್ರಸಾದದ ಮೇಲೆ ಬಿತ್ತು. “ದೇವ್ರ ಸಾಮಾನು. ಗುಡಿಯಾಗ ಪೂಜೆ ಮಾಡಿಸ್ಕೊಂಡ್ ಬಂದೀನಿ. ದಾರಿಯಾಗ ಬಿಚ್ಚಬಾರ್ದಂತೆ.”

ಸರೋಜಾ ಭಕ್ತಿಯಿಂದ ಚೀಲಕ್ಕೆ ಕೈ ಮುಗಿದಳು. ಆಮೇಲೆ ಅಷ್ಟೇ ಭಕ್ತಿಯಿಂದ ಫೋನ್ ತೆಗೆದಳು.

ಮನೆ ಮುಂದೆ ಹೊಸ ರಂಗೋಲಿ ಬಿದ್ದಿತ್ತು. ಓಣಿಯ ಹೆಂಗಸರೆಲ್ಲ ನೆರೆದಿದ್ದರು. ಬಾಗಿಲಲ್ಲಿ ಬಸವಣ್ಣೆಮ್ಮ ಆರತಿ ತಟ್ಟೆ ಹಿಡಿದು ನಿಂತಿದ್ದಳು. ಕೊಟ್ರೇಶ ಚೀಲವನ್ನು ಬೆನ್ನ ಹಿಂದೆ ಸರಿಸಿದ.

“ಬಿಚ್ಚಪ್ಪ, ನೋಡಾನ,” ಎಂದಳು ತಾಯಿ.

ಚೀಲವನ್ನು ಮುಂದಿಟ್ಟು ಜಿಪ್ ಎಳೆದ. ಬಸವಣ್ಣೆಮ್ಮ ಬಗ್ಗಿ ನೋಡಿದಳು, ಮಗನ ಮುಖವನ್ನೂ ನೋಡಿದಳು. ಆಮೇಲೆ ಉಗುರಿನಿಂದ ದಪ್ಪ ತಂತಿಯೊಂದನ್ನು ಮೀಟಿದಳು. ಸಣ್ಣಗೆ ‘ಗುಂಯ್’ ಎಂದಿತು. ಕೊಟ್ರೇಶ ಕಣ್ಣು ಮುಚ್ಚಿಕೊಂಡು ‘ಬುಳುಕ್’ಗೆ ಕಾದ.

“ಓಂಕಾರ ಹೊಂಟಂಗೈತೆ!” ಎಂದಳು ಬಸವಣ್ಣೆಮ್ಮ.

ಹೆಂಗಸರು ಕೈ ಮುಗಿದರು. ತಂತಿಗಳ ಮೇಲೆ ಅಡ್ಡಡ್ಡ ವಿಭೂತಿ ಬಿತ್ತು, ಬಿರಡೆಗಳಿಗೆ ಹೂವಿನ ಸರ ಬಿತ್ತು. ಕಾಯಿ ಒಡೆದ ನೀರು ಚಿಮ್ಮಿದಾಗ ಕೊಟ್ರೇಶನ ಜೀವ ಹಾರಿತು. ಕೊನೆಗೆ ಬಸವಣ್ಣೆಮ್ಮ ಬೇಸನ್ನು ತಾನೇ ಎತ್ತಿಕೊಂಡು ದೇವರ ಮನೆಯ ಜಗಲಿಯ ಮೇಲೆ, ಎರಡು ಗೋಡೆಗಳ ನಡುವೆ ಮಲಗಿಸಿದಳು. ದೊಡ್ಡ ಬೇಸಾಗಿದ್ದರೆ ಖಂಡಿತ ಹಿಡಿಸುತ್ತಿರಲಿಲ್ಲ.

ಬದುಕಿದೆನೆಂದು ಕೊಟ್ರೇಶನಿಗೆ ಖುಷಿಯಾಯಿತು. ಓಣಿಯವರು ಹೋದ ಮೇಲೆ ಮೆಲ್ಲಗೆ ಕೇಳಿದ: “ಅವ್ವ, ಊಟ ಆದ್ಮ್ಯಾಲೆ ಒಂಚೂರು ನುಡಿಸಿ ನೋಡ್ಲಾ?”

“ಜಗಲಿ ಏರಿದ್ದನ್ನ ಇಳಿಸಿ ಬಾರಿಸ್ತಾರೇನೋ ಯಾರಾರ?” ಬಸವಣ್ಣೆಮ್ಮ ದೇವರ ಮನೆಗೆ ಬೀಗ ಹಾಕಿ ಕೀಲಿಯನ್ನು ಸೆರಗಿಗೆ ಕಟ್ಟಿಕೊಂಡಳು. ಆಮೇಲೆ ದನಿ ತಗ್ಗಿಸಿ, “ಹೊಳಿಗೆ ಎಸೆಯಾಕ ಈಗ ಮೊಣಕಾಲು ನೋವು ಕಣೋ. ಇಲ್ಲೇ ಇರ್ಲಿ ಬಿಡು,” ಎಂದಳು.

ಅಷ್ಟರಲ್ಲಿ ಮುನಾಫ್ ಸಾಹೇಬರ ಫೋನು ಬಂತು. “ಹೆಂಗೈತ್ರಿ ಗಿಟಾರು? ಅಳತೆ ಸರಿ ಹೋತಾ?”

ಕೊಟ್ರೇಶ ಬೀಗ ನೋಡಿದ.

“ಅಳತೆ ತಗೊಂಡು ಮಾಡಿಸ್ದಂಗೆ ಕುಂತೈತೆ ಸಾಹೇಬ್ರೆ,” ಎಂದು ಫೋನಿಟ್ಟ.