ಮದುಮಗನ ಕೈಯಲ್ಲಿ ಚಿಕ್ಕಸ್ವಾಮಿಯ ಚಾಕು

ಬೆಳಗೊಳದ ಚಿಕ್ಕಸ್ವಾಮಿಯ ಭಾನುವಾರ ಕೆಟ್ಟದ್ದು ಒಂದು ನಿಂಬೆಹಣ್ಣಿನಿಂದ. ನಂಬದವರು ನಂಬದೇ ಇರಲಿ. ನಾನು ಹೇಳುವುದರಲ್ಲಿ ಒಂದಕ್ಷರ ಸುಳ್ಳಿಲ್ಲ; ಇದ್ದರೆ ಹತ್ತಿಪ್ಪತ್ತು ಅಕ್ಷರ ಇರಬಹುದು.

ನೀರಾವರಿ ಕಚೇರಿಯ ಗುಮಾಸ್ತ ಚಿಕ್ಕಸ್ವಾಮಿಗೆ ಮೂವತ್ತಾರನೇ ವಯಸ್ಸಿನಲ್ಲಿ ಜೇಬುಚಾಕು ಕೂಡಿಡುವ ಹುಚ್ಚು ಹತ್ತಿತು. ಕೆಲವರಿಗೆ ಇಸ್ಪೀಟು, ಕೆಲವರಿಗೆ ಪಾರಿವಾಳ, ಇವನಿಗೆ ಮಡಿಸುವ ಚಾಕು. ಫೋನಿನಲ್ಲಿ ಹುಡುಕಿ ಹುಡುಕಿ ಪಾಂಡವಪುರದ ಧರ್ಮೇಂದ್ರ ಮೇಷ್ಟ್ರನ್ನು ಗುರುವಾಗಿ ಹಿಡಿದ. ಮೇಷ್ಟ್ರು ಐಟಿಐನಲ್ಲಿ ಫಿಟ್ಟರ್ ಪಾಠ ಹೇಳಿ ನಿವೃತ್ತರಾದವರು. ಅವರ ಬೀರುವಿನಲ್ಲಿ ನೂರಾ ಹನ್ನೆರಡು ಜೇಬುಚಾಕುಗಳಿದ್ದವು. ಬಾಗಿಲು ತೆಗೆದರೆ ಎದುರುಮನೆಯವರು ಕರಿಕನ್ನಡಕ ಹುಡುಕಬೇಕಾಗಿತ್ತು.

ಮೇಷ್ಟ್ರ ಕಾಯಿದೆ ಕಟ್ಟುನಿಟ್ಟು. ಹೊಸಬರು ಒಂದೇ ಚಾಕಿನಿಂದ ಶುರು ಮಾಡಬೇಕು. ಅದು ಹೊಳೆಯುವ ಸ್ಟೀಲಿನದಾಗಿರಬಾರದು, ತುಕ್ಕು ಹಿಡಿಯುವಂಥ ಹಳೇ ಕಾಲದ ಉಕ್ಕಿನದಾಗಿರಬೇಕು. ಆಗ ಮಾತ್ರ ಆರೈಕೆ ಕಲಿಯಲು ಸಾಧ್ಯ. ನೀರಿನಲ್ಲಿ ನೆನೆಹಾಕಬಾರದು, ಒಣಬಟ್ಟೆಯಲ್ಲಿ ಒರೆಸಬೇಕು, ಕೀಲಿಗೆ ಆಗಾಗ ಒಂದು ತೊಟ್ಟು ಎಣ್ಣೆ ಬಿಡಬೇಕು. ಹೀಗೆ ನಲವತ್ತು ದಿನ ಬಾಳಿಸಿ, ನಲವತ್ತನೇ ದಿನ ಸಂಜೆ ಐದಕ್ಕೆ ತಂದು ತೋರಿಸಬೇಕು. ಭೂತಗನ್ನಡಿಯಲ್ಲಿ ನೋಡಿ ಮೇಷ್ಟ್ರು ಮೆಚ್ಚಿದರೆ ತಮ್ಮ ಬೀರುವಿನಿಂದ ಎಮ್ಮೆಕೊಂಬಿನ ಹಿಡಿಯ ಚಾಕೊಂದನ್ನು ತೆಗೆದುಕೊಡುತ್ತಾರೆ. ತುಕ್ಕಿನ ಒಂದು ಚುಕ್ಕೆ ಕಂಡರೂ ಬಂದ ಬಸ್ಸಿಗೇ ವಾಪಸು.

ಆ ಎಮ್ಮೆಕೊಂಬಿನ ಚಾಕು ಚಿಕ್ಕಸ್ವಾಮಿಯ ಕನಸಿನಲ್ಲಿ ದಿನಾ ಎರಡು ಆಟ ಓಡುತ್ತಿತ್ತು. ಅದಕ್ಕಾಗಿ ಅವನು ತನ್ನ ಮರದ ಹಿಡಿಯ ಚಾಕನ್ನು ಮೂವತ್ತೊಂಬತ್ತು ದಿನ ಸಾಕಿದ ರೀತಿಯಲ್ಲಿ ಹಸುಗೂಸನ್ನೂ ಯಾರೂ ಸಾಕಿರಲಾರರು. ಬೆಳಗಾದರೆ ಒರೆಸು, ಬೈಗಾದರೆ ಒರೆಸು, ಮೋಡ ಕವಿದರೆ ಬನಿಯನ್ನಿನಲ್ಲಿ ಸುತ್ತಿ ಎದೆಗೆ ಕಟ್ಟಿಕೊ. ಹೆಂಡತಿ ರಂಜಿತ ನೀರು ಹಿಡಿಯಲು ಬಂದ ಹೆಂಗಸರ ಮುಂದೆಲ್ಲ, “ನಮ್ ಕೂಸು ಚಿನ್ನುನ್ ಮೂಗ ಒಂದಿನ ಒರಸ್ನಿಲ್ಲ ಕಣಕ್ಕ, ಆ ಕಬ್ಬುಣದ ಮೂಗ ದಿನಕ್ಕೆ ನಲವತ್ತು ಸಲ ಒರುಸ್ತದೆ ಈವಯ್ಯ” ಎಂದು ಹೇಳಿಕೊಂಡು ಬಂದಿದ್ದಳು.

ನಲವತ್ತನೇ ದಿನ ಬೆಳಗ್ಗೆ ಎಂಟಕ್ಕೆ ಚಿಕ್ಕಸ್ವಾಮಿ ಜಗಲಿಯ ಮೇಲೆ ಕೂತು ಕೊನೆಯ ಸಲ ಚಾಕು ಒರೆಸುತ್ತಿದ್ದಾಗ ಪಕ್ಕದ ಛತ್ರದ ಮುಂದೆ ಗಂಡಿನ ಕಡೆಯ ಬಸ್ಸು ಬಂದು ನಿಂತಿತು. ವಾಲಗದವರು ಊದಿದರು. ಹೆಣ್ಣಿನ ಕಡೆಯವರು ಕಳಸ ಹಿಡಿದು ನಿಂತರು. ಬಸ್ಸಿನಿಂದ ಮಾತ್ರ ಯಾರೂ ಇಳಿಯಲಿಲ್ಲ.

ಆದದ್ದಿಷ್ಟು. ಅರಿಶಿನ ಹಚ್ಚಿದ ಮೈಗೆ ಗಾಳಿ ಸೋಕದಿರಲೆಂದು ಮದುವೆ ಗಂಡು ಕೈಯಲ್ಲಿ ಚಾಕು ಹಿಡಿದು, ಅದರ ತುದಿಗೆ ನಿಂಬೆಹಣ್ಣು ಚುಚ್ಚಿಕೊಂಡಿರುವುದು ಅವರ ಮನೆತನದ ಪದ್ಧತಿ. ಆ ಚಾಕನ್ನು ಕೆ.ಆರ್.ಪೇಟೆಯಾಚೆಯ ಊರಿನಲ್ಲಿ, ದೇವರ ಗೂಡಿನಲ್ಲೇ ಮರೆತು ಬಂದಿದ್ದರು. ನಿಂಬೆಹಣ್ಣು ಮಾತ್ರ ಬಂದಿತ್ತು. ಮದುಮಗ ಸಿದ್ದಾರ್ಥ ಖಾಲಿ ನಿಂಬೆಹಣ್ಣು ಹಿಡಿದು ಸೀಟಿನಲ್ಲಿ ಕೂತಿದ್ದ. ಅವನಜ್ಜಿ ಕುಳ್ಳಮ್ಮ ಬಸ್ಸಿನ ಮೆಟ್ಟಿಲಿಗೆ ಅಡ್ಡ ನಿಂತು, ಕಬ್ಬಿಣವಿಲ್ಲದೆ ತನ್ನ ಮೊಮ್ಮಗ ನೆಲ ಮುಟ್ಟಕೂಡದೆಂದು ಹಟ ಹಿಡಿದಿದ್ದಳು. ಆಕೆ ಎತ್ತರ ನಾಲ್ಕಡಿ. ದನಿ ಮಾತ್ರ ಅಣೆಕಟ್ಟೆಯ ಅಷ್ಟೂ ಬಾಗಿಲು ಒಟ್ಟಿಗೆ ತೆಗೆದಂತೆ. ಅಡಿಗೆಮನೆಯ ಚಾಕು ತಂದರು; ಈರುಳ್ಳಿ ಹೆಚ್ಚಿದ್ದು ಆಗದು ಎಂದಳು. ಅಂಗಡಿಗಳು ತೆರೆದಿರಲಿಲ್ಲ. ಮುಹೂರ್ತ ಬಸ್ಸಿನ ಚಕ್ರದಡಿ ಸಿಕ್ಕಿಕೊಂಡಂತಾಯಿತು.

ಆಗ ಎದುರುಮನೆಯ ಚಲುವಮ್ಮನ ಕಣ್ಣು ಜಗಲಿಯ ಮೇಲೆ ಬಿತ್ತು. ಬೆಳಗೊಳದಲ್ಲಿ ಯಾರ ಮನೆಯ ಸಾರಿಗೆ ಉಪ್ಪು ಸಾಲದೆಂಬುದು ಆ ಮನೆಯವರಿಗಿಂತ ಮೊದಲು ಚಲುವಮ್ಮನಿಗೆ ತಿಳಿಯುತ್ತದೆ.

“ಅಗೋ, ನಮ್ ಚಿಕ್ಕಸ್ವಾಮಿ ತಾವ ಐತಲ್ಲ” ಎಂದಳು. “ಒಂದ್ ದಾರನೂ ಕುಯ್ದಿಲ್ಲ ಕಣವ್ವ ಅದು. ದೇವ್ರ ಬೆಳ್ಳಿಗಿಂತ ಮಡಿ.”

ನಾನೂರು ಜನ ಒಟ್ಟಿಗೆ ಜಗಲಿಯತ್ತ ತಿರುಗಿದರು. ಚಿಕ್ಕಸ್ವಾಮಿ ಚಾಕನ್ನು ಬನಿಯನ್ನಿನೊಳಗೆ ತುರುಕಿಕೊಳ್ಳುವಷ್ಟರಲ್ಲಿ ಕುಳ್ಳಮ್ಮ ಅವನ ಮುಂದೆ ನಿಂತಿದ್ದಳು. ಹೇಗೆ ಬಂದಳೋ ಆ ದೇವರೇ ಬಲ್ಲ. ನಡೆದಂತೆ ಯಾರೂ ಕಂಡಿಲ್ಲ.

ಅವನು ನಲವತ್ತು ದಿನದ ಕತೆ ಹೇಳಿದ. ಪಾಂಡವಪುರದ ಮೇಷ್ಟ್ರು, ಭೂತಗನ್ನಡಿ, ಎಮ್ಮೆಕೊಂಬು, ಎಲ್ಲ ಹೇಳಿದ. ನಿಂಬೆರಸ ತಗಲಿದರೆ ಈ ಉಕ್ಕು ಕಪ್ಪಾಗುತ್ತದೆ ಅಜ್ಜಿ ಎಂದು ಕಣ್ಣೀರು ತಂದುಕೊಂಡ.

“ಏನ್ಲಾ ಮಗ, ನಿನ್ ಚಾಕು ಕಪ್ಪಾದದು ಅಂತ ನನ್ ಮೊಮ್ಮಗುನ್ ಮದ್ವೆ ನಿಲ್ಬೇಕೇನ್ಲಾ?” ಎಂದಳು ಕುಳ್ಳಮ್ಮ. “ಮಡಗು ಇಲ್ಲಿ.”

ಚಾಕನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳ. ಆದ್ದರಿಂದ ಚಿಕ್ಕಸ್ವಾಮಿ ಅದನ್ನು ಬಸ್ಸಿನ ಮೆಟ್ಟಿಲ ಮೇಲೆ ಇಟ್ಟ. ಸಿದ್ದಾರ್ಥ ಎತ್ತಿಕೊಂಡ. ಕುಳ್ಳಮ್ಮ ನಿಂಬೆಹಣ್ಣು ತೆಗೆದು ಅಲಗಿನ ತುದಿಗೆ ಕಸಕ್ಕನೆ ಚುಚ್ಚಿದಳು. ಒಂದು ತೊಟ್ಟು ರಸ ಅಲಗಿನ ಮೇಲೆ ಇಳಿಯಿತು. ತನ್ನ ಬೆನ್ನಿನ ಮೇಲೆ ಕಾದ ಎಣ್ಣೆ ಇಳಿದಂತೆ ಚಿಕ್ಕಸ್ವಾಮಿ ಹಾರಿದ.

ಚಾಕನ್ನು ಬಿಟ್ಟು ಮನೆಯೊಳಗೆ ಕೂರುವ ಗಂಡಸಲ್ಲ ಅವನು. ಹೊಲಿಗೆ ಮಿಷಿನ್ನಿನ ಎಣ್ಣೆಯ ಬುಡ್ಡಿ ಒಂದು ಜೇಬಿಗೆ, ಒಣಟವಲು ಹೆಗಲಿಗೆ ಹಾಕಿಕೊಂಡು ಮದುಮಗನ ಬಲಗಡೆಗೆ ಅಂಟಿಕೊಂಡ. ಐದು ನಿಮಿಷಕ್ಕೊಮ್ಮೆ ನಿಂಬೆಹಣ್ಣನ್ನು ಸರಿಸಿ ಅಲಗು ಒರೆಸಿದ, ಕೀಲಿಗೆ ಎಣ್ಣೆ ಬಿಟ್ಟ. ಆ ಎಣ್ಣೆಯ ಎರಡು ತೊಟ್ಟು ರೇಷ್ಮೆ ಪಂಚೆಯ ಮೇಲೂ ಬಿದ್ದವು. ಅದರ ಬಗ್ಗೆ ಸಿದ್ದಾರ್ಥನೇ ಏನೂ ಅನ್ನಲಿಲ್ಲ, ನಾವೇಕೆ ಅನ್ನೋಣ.

ಹೆಣ್ಣಿನ ಕಡೆಯವರು ಇವನನ್ನು ಗಂಡಿನ ಸೋದರಮಾವ ಎಂದುಕೊಂಡು ಕಾಲು ತೊಳೆಯಲು ನೀರು ಕೊಟ್ಟರು. ಗಂಡಿನ ಕಡೆಯವರು ಹೆಣ್ಣಿನ ಕಡೆಯ ಪೊಲೀಸಿನವನೆಂದು ಭಾವಿಸಿ ಬೀಡಿ ಬಚ್ಚಿಟ್ಟರು. ಫೋಟೋದವನು ಎಲ್ಲಿ ನಿಂತು ತೆಗೆದರೂ ಮದುಮಗಳು ಸ್ನೇಹಳ ಪಕ್ಕದಲ್ಲಿ ಸಿದ್ದಾರ್ಥನ ಬದಲು ಟವಲು ಬರುತ್ತಿತ್ತು. ಆಲ್ಬಮ್ಮಿನಲ್ಲಿ ಇವತ್ತಿಗೂ ಮದುವೆಯಾಗಿರುವುದು ಆ ಟವಲಿಗೇ.

ಇಲ್ಲಿಯವರೆಗೆ ನಡೆದದ್ದು ಬರೀ ಪೀಠಿಕೆ. ಧಾರೆ ಇನ್ನೂ ಬಾಕಿಯಿತ್ತು.

ನಮ್ಮ ಕಡೆ ಧಾರೆಯೆಂದರೆ ಅಪ್ಪ ಅಮ್ಮ ಎರೆದು ಮುಗಿಸುವುದಲ್ಲ. ಬಂದ ನೆಂಟರೆಲ್ಲ ಸಾಲುಗಟ್ಟಿ, ಜೋಡಿಸಿದ ಕೈಗಳ ಮೇಲೆ ಒಬ್ಬೊಬ್ಬರಾಗಿ ಹಾಲು ಬಿಡುತ್ತಾರೆ. ಸಾಲು ಛತ್ರದ ಬಾಗಿಲು ದಾಟಿ ಡೇರಿಯವರೆಗೂ ಹೋಗಿತ್ತು. ಚಾಕು ಸಿದ್ದಾರ್ಥನ ಬೆರಳುಗಳ ನಡುವೆಯೇ ಇತ್ತು. ನಾನೂರು ಜನರ ಹಾಲು, ಒಂದು ಕೀಲು. ಚಿಕ್ಕಸ್ವಾಮಿ ಎದ್ದು ಓಡಿದ. ಊಟದ ಪಂಕ್ತಿಯಿಂದ ಬಾಳೆಲೆಯೊಂದನ್ನು ಕಿತ್ತು ತಂದು ಚಾಕಿನ ಮೇಲೆ ಛತ್ರಿಯಂತೆ ಹಿಡಿದ. ಹಾಲೆಲ್ಲ ಎಲೆಯ ಮೇಲೆ ಜಾರಿ ಪುರೋಹಿತರ ತೊಡೆಗೆ ಹೋಯಿತು. ಹದಿನೆಂಟನೇ ನೆಂಟರ ಹೊತ್ತಿಗೆ ಪುರೋಹಿತರು ಮಂತ್ರ ನಿಲ್ಲಿಸಿ, ಧಾರೆ ನಡೆಯುತ್ತಿರುವುದು ಯಾರಿಗೆ ಎಂದು ಕೇಳಿದರು.

ಸಿದ್ದಾರ್ಥ ಬಾಸಿಂಗದ ಸಂದಿಯಿಂದ ಮೆಲ್ಲಗೆ, “ಅಣ್ಣ, ಇದು ನನ್ ಮದ್ವೆ ಕಣಣ್ಣ” ಎಂದ.

“ಆಗ್ಲಪ್ಪ, ಚೆನ್ನಾಗಿ ಮಾಡ್ಕೊ” ಎಂದ ಚಿಕ್ಕಸ್ವಾಮಿ, “ಕೈ ಮಾತ್ರ ಒಸಿ ಈ ಕಡಿಕ್ ವಾಲುಸ್ಕೊ.”

ನಡುಮಧ್ಯಾಹ್ನ ಅರುಂಧತಿ ನಕ್ಷತ್ರ ತೋರಿಸಲು ಜೋಡಿಯನ್ನು ಹೊರಗೆ ಕರೆತಂದರು. ನೆತ್ತಿ ಸುಡುವ ಬಿಸಿಲಿನಲ್ಲಿ ನಾನೂರು ಜನ ಕತ್ತೆತ್ತಿ, ಕಂಡಿತು ಕಂಡಿತು ಎಂದರು. ಎಲ್ಲರ ಮುಖ ಮೇಲಿದ್ದ ಆ ಅರೆನಿಮಿಷದಲ್ಲಿ ಚಿಕ್ಕಸ್ವಾಮಿ ಕೀಲು ಬಿಚ್ಚಿ, ಒರೆಸಿ, ಎಣ್ಣೆ ಬಿಟ್ಟು, ಮತ್ತೆ ಸೇರಿಸಿ ನಿಂಬೆಹಣ್ಣು ಸಿಕ್ಕಿಸಿಬಿಟ್ಟ. ಇಂಥ ಕೆಲಸ ಮಿಲಿಟರಿಯಲ್ಲೂ ಯಾರೂ ಮಾಡಿಲ್ಲ. ಅಲಗು ಬೆಳಗಿನಂತೆಯೇ ಕನ್ನಡಿಯಾಗಿತ್ತು.

ಊಟವಾದ ಮೇಲೆ ಇನ್ನು ಚಾಕು ಕೊಡಿ, ಐದಕ್ಕೆ ಪಾಂಡವಪುರದಲ್ಲಿರಬೇಕು ಎಂದು ಕೇಳಿದ. ಕುಳ್ಳಮ್ಮ ತಲೆಯಾಡಿಸಿದಳು. ಗಂಡು ತನ್ನ ಮನೆಯ ಹೊಸಿಲು ದಾಟುವ ತನಕ ಕಬ್ಬಿಣ ಕೈ ಬಿಡಬಾರದಂತೆ. ಚಿಕ್ಕಸ್ವಾಮಿ ಛತ್ರದ ಕಂಬ ತಬ್ಬಿಕೊಂಡು ಕೂತುಬಿಟ್ಟ. ಹೆಣ್ಣನ್ನು ಕಳಿಸಿಕೊಡುವಾಗ ತಾಯಿ ಅಳುವುದುಂಟು. ಅವತ್ತು ತಾಯಿಯೇ ಅಳು ನಿಲ್ಲಿಸಿ ಇವನನ್ನು ಸಮಾಧಾನ ಮಾಡಿದಳು.

ಕೊನೆಗೆ ಕುಳ್ಳಮ್ಮನೇ ದಾರಿ ತೋರಿಸಿದಳು. ಬಸ್ಸು ಹೇಗೂ ಪಾಂಡವಪುರದ ಮೇಲೆಯೇ ಹೋಗಬೇಕು. ಚಾಕು ಗಂಡನ್ನು ಬಿಡುವಂತಿಲ್ಲ. ಆದರೆ ಚಾಕಿನ ಜೊತೆ ಗಂಡು ಎಲ್ಲಿಗಾದರೂ ಬರಬಹುದು.

ಐದಕ್ಕೆ ಎರಡು ನಿಮಿಷವಿದ್ದಾಗ ಧರ್ಮೇಂದ್ರ ಮೇಷ್ಟ್ರ ಮನೆ ಮುಂದೆ ಮದುವೆ ಬಸ್ಸು ನಿಂತಿತು. ಬಸ್ಸಿನಲ್ಲಿ ಜೊತೆಗೆ ಬಂದಿದ್ದ ವಾಲಗದವರು ಅಭ್ಯಾಸಬಲದಿಂದ ಊದಿದರು. ಚಿಕ್ಕಸ್ವಾಮಿ ಮುಂದೆ, ಬಾಸಿಂಗ ಕಟ್ಟಿದ ಜೋಡಿ ನಡುವೆ, ಕುಳ್ಳಮ್ಮ ಹಿಂದೆ. ನೂತನ ವಧೂವರರು ಹೇಳದೆ ಕೇಳದೆ ಬಂದದ್ದು ಕಂಡು ಮೇಷ್ಟ್ರ ಹೆಂಡತಿ ಗಾಬರಿಯಿಂದ ಆರತಿ ತಟ್ಟೆ ಹುಡುಕಲು ಓಡಿದರು.

ಮೇಷ್ಟ್ರು ಮಾತ್ರ ಚಾಕನ್ನು ಬಿಟ್ಟು ಬೇರೇನೂ ನೋಡಲಿಲ್ಲ. ಸಿದ್ದಾರ್ಥ ಕೈ ಚಾಚಿದ. ಮೇಷ್ಟ್ರು ನಿಂಬೆಹಣ್ಣು ಕಳಚಿ, ಭೂತಗನ್ನಡಿ ಹಿಡಿದು, ಅಲಗಿನ ಈ ಮಗ್ಗುಲು ಆ ಮಗ್ಗುಲು ಕಾಲುಗಂಟೆ ನೋಡಿದರು. ಚಿಕ್ಕಸ್ವಾಮಿ ಉಸಿರು ಬಿಡಲಿಲ್ಲ. ಕಾಲುಗಂಟೆಯೂ ಬಿಡಲಿಲ್ಲ, ಬೇಕಾದರೆ ಸ್ನೇಹಳನ್ನು ಕೇಳಿ.

“ಒಂದೇ ಒಂದು ಚುಕ್ಕೆ ಇಲ್ಲ” ಎಂದರು ಮೇಷ್ಟ್ರು.

ಚಿಕ್ಕಸ್ವಾಮಿ ಅವರ ಕಾಲಿಗೆ ಬೀಳಲು ಬಗ್ಗಿದ.

“ಅದೇ ಕಣಯ್ಯ ಬೇಜಾರು” ಎಂದರು ಮೇಷ್ಟ್ರು. ಬಗ್ಗಿದವನು ಬಗ್ಗಿದಂತೆಯೇ ನಿಂತ. “ಈ ಉಕ್ಕು ಹಣ್ಣು ಕೊಯ್ದು, ತರಕಾರಿ ಕೊಯ್ದು, ಹುಳಿ ಕುಡಿದು ಕುಡಿದು ಬೂದುನೀಲಿಗೆ ತಿರುಗ್ಬೇಕು. ಆ ಬಣ್ಣ ಕಟ್ಟಿದ್ರೆ ತುಕ್ಕು ಹತ್ರ ಸುಳಿಯಲ್ಲ. ತುಕ್ಕು ಕೆಂಪು, ಇದು ನೀಲಿ. ಅದೇ ಆರೈಕೆ. ನೀನು ಚಾಕು ಬಾಳಿಸ್ಲಿಲ್ಲ, ಸ್ನಾನ ಮಾಡಿಸಿ ಪೌಡರ್ ಹಾಕಿದ್ದೀಯ. ನಲವತ್ತು ದಿನದಲ್ಲಿ ಇದಕ್ಕೊಂದು ನಿಂಬೆಹಣ್ಣಾದ್ರೂ ತೋರಿಸ್ಬಾರ್ದಿತ್ತ?”

“ಬೆಳಿಗ್ಗಿಂದ ನಿಂಬೆಹಣ್ಣೊಳಗೇ ಇತ್ತು ಸಾರ್” ಎಂದ ಸಿದ್ದಾರ್ಥ. “ಚೆನ್ನಾಗಿ ನೀಲಿ ಏರ್ತಿತ್ತು. ಇವ್ರೇ ಐದ್ನಿಮಿಷಕ್ಕೊಂದ್ಸಲ ಒರಸಿ ಒರಸಿ ಇಳಿಸ್ಬುಟ್ರು.”

ಚಿಕ್ಕಸ್ವಾಮಿ ಕೂತ. ಅಲ್ಲಿ ಕುರ್ಚಿಯಿರಲಿಲ್ಲ, ಆದರೂ ಕೂತ.

ಅಷ್ಟರಲ್ಲಿ ಮೇಷ್ಟ್ರ ಹೆಂಡತಿ ಆರತಿ ಎತ್ತಿ, ತಟ್ಟೆಯಲ್ಲಿ ಎಲೆ ಅಡಿಕೆ ತಂದಿಟ್ಟರು. ಇಡೀ ಅಡಿಕೆ ಕಂಡ ಕುಳ್ಳಮ್ಮ ಸೊಂಟದ ಸಂಚಿಗೆ ಕೈ ಹಾಕಿ, ಬೆರಳುದ್ದದ ಮಡಿಸುವ ಚಾಕೊಂದನ್ನು ತೆಗೆದು ಟಕ್ಕನೆ ಬಿಚ್ಚಿದಳು. ಅಲಗು ಮಳೆಮೋಡದ ನೀಲಿಯಾಗಿತ್ತು. ಮೇಷ್ಟ್ರ ಕೈಯಿಂದ ಭೂತಗನ್ನಡಿ ಜಾರಿತು.

ಇದಕ್ಕೇನು ಹಚ್ಚುತ್ತೀರಿ ತಾಯಿ ಎಂದು ಅವರು ಕೈಮುಗಿದು ಕೇಳಿದರು.

“ಹಚ್ಚಾದೇನ್ ಬಂತು ಬುಡಪ್ಪ” ಎಂದಳು ಕುಳ್ಳಮ್ಮ. “ನಲವತ್ತು ವರ್ಸದಿಂದ ಅಡ್ಕೆ ಕುಯ್ತೀನಿ, ಮಾವ್ನಕಾಯಿ ಕುಯ್ತೀನಿ, ಸೆರಗಲ್ಲಿ ಒರಸಿ ಮಡಿಸ್ತೀನಿ.”

ಚಿಕ್ಕಸ್ವಾಮಿ ನೆಲದಿಂದಲೇ ಕೇಳಿದ: “ಅಜ್ಜಿ, ನಿಮ್ತಾವೇ ಚಾಕಿತ್ತಾ? ಮತ್ತೆ ಬೆಳಿಗ್ಗೆ ನಂದ್ಯಾಕೆ ಕಿತ್ಕೊಂಡ್ರಿ?”

“ಎಲೆಅಡ್ಕೆ ಎಂಜ್ಲು ಚಾಕ ಮದ್ವೆ ಗಂಡಿನ್ ಕೈಗೆ ಕೊಡಾಕಾದದೇನ್ಲಾ? ಇದ್ಯೆ ಬುದ್ದಿ ಕಲ್ತಿದ್ದೀಯ ನೀನು.”

ಮೇಷ್ಟ್ರು ಬೀರು ತೆಗೆದರು. ಎಮ್ಮೆಕೊಂಬಿನ ಹಿಡಿಯ ಚಾಕನ್ನು ಎರಡೂ ಕೈಯಲ್ಲಿ ಎತ್ತಿ ತಂದು ಕುಳ್ಳಮ್ಮನ ಮುಂದೆ ನೆಲದ ಮೇಲಿಟ್ಟರು. ನನ್ನ ನಲವತ್ತು ದಿನದ ಕಾಯಿದೆಗೆ ನಲವತ್ತು ವರ್ಷದ ಉತ್ತರ ಬರುತ್ತದೆಂದು ಗೊತ್ತಿರಲಿಲ್ಲ ಎಂದರು. ಚಿಕ್ಕಸ್ವಾಮಿಗೆ ನಾಳೆಯಿಂದ ಮತ್ತೆ ಒಂದನೇ ದಿನ ಶುರು ಮಾಡಲು ಹೇಳಿದರು.

ಶುರು ಮಾಡಲು ಚಾಕಾದರೂ ಕೈಯಲ್ಲಿರಬೇಕಲ್ಲ. ಅದು ಮತ್ತೆ ನಿಂಬೆಹಣ್ಣು ಚುಚ್ಚಿಸಿಕೊಂಡು ಸಿದ್ದಾರ್ಥನ ಜೊತೆ ಬಸ್ಸು ಹತ್ತಿತು. ಹಿಂದೆಯೇ ಚಿಕ್ಕಸ್ವಾಮಿಯೂ ಹತ್ತಿದ. ಈ ಸಲ ಒರೆಸಬಾರದೆಂದು ಎರಡೂ ಕೈಯನ್ನು ತೊಡೆಯಡಿ ಒತ್ತಿಕೊಂಡು, ಕೆ.ಆರ್.ಪೇಟೆ ರಸ್ತೆಯ ಹಳ್ಳಗಳನ್ನು ಎಣಿಸುತ್ತ ಕೂತ.

ಚಿನಕುರಳಿ ದಾಟಿದ ಮೇಲೆ ಪಕ್ಕದ ಸೀಟಿನಲ್ಲಿ ಕುಳ್ಳಮ್ಮ ಹೊಸ ಚಾಕಿನಲ್ಲಿ ಒಂದು ಅಡಿಕೆ ಕೊಯ್ದಳು. ಅಲಗನ್ನು ಬೆಳಕಿಗೆ ಹಿಡಿದು ನೋಡಿದಳು. ಸೆರಗು ಹುಡುಕಿದಳು, ಮದುವೆಗೆಂದು ಉಟ್ಟ ರೇಷ್ಮೆ ಸೀರೆ, ಮನಸ್ಸು ಬರಲಿಲ್ಲ. ಎಮ್ಮೆಕೊಂಬಿನ ಚಾಕನ್ನು ಚಿಕ್ಕಸ್ವಾಮಿಯ ಪಕ್ಕ ಸೀಟಿನ ಮೇಲಿಟ್ಟಳು.

“ಒಸಿ ಒರಸ್ಕೊಡ್ಲಾ ಮಗ” ಎಂದಳು. “ನಿಂಗೆ ಚೆನ್ನಾಗ್ ಬತ್ತದೆ.”